ಎರಡು ಹಾಳೆಯಷ್ಟು ದಪ್ಪದ ಉಕ್ಕು

ಲೇಸರ್ ಅಂಗಡಿಯಿಂದ ಬಂದ ಮೊದಲ ಪತ್ತಿಯನ್ನು ತಪಾಸಣೆಯ ಗ್ರಾನೈಟ್ ಕಲ್ಲಿನ ಮೇಲಿಟ್ಟೆ. ಅದು ಒಣಗಿದ ಎಲೆಯ ಹಾಗೆ ಎರಡೂ ತುದಿ ಎತ್ತಿಕೊಂಡು ಕುಳಿತಿತ್ತು. ಅಂಚಿನುದ್ದಕ್ಕೂ ಕಂದು ಬಣ್ಣ. ಭೂತಗನ್ನಡಿ ಹಿಡಿದರೆ, ಕರಗಿ ಗಟ್ಟಿಯಾದ ಲೋಹದ ಸಣ್ಣ ಸಣ್ಣ ಹನಿಗಳು. ಡೈರಿಯಲ್ಲಿ ಆ ಸೋಮವಾರದ ಕೆಳಗೆ ಬರೆದೆ: ಲೇಸರ್, ಇಪ್ಪತ್ತು ಬಂದವು, ಇಪ್ಪತ್ತೂ ಸೊಟ್ಟ.

ಪತ್ತಿ ಎನ್ನುವುದು ಪುಣೆ ಹತ್ತಿರದ ಭೋಸರಿಯ ನಮ್ಮ ಶೆಡ್ಡಿನಲ್ಲಿ ಎಲ್ಲರೂ ಬಳಸುವ ಹೆಸರು. ಬೆರಳುದ್ದದ, ನಾಲಿಗೆಯಾಕಾರದ ಸ್ಟೇನ್‌ಲೆಸ್ ಉಕ್ಕಿನ ತುಂಡು. ನೋಟುಬುಕ್ಕಿನ ಎರಡು ಹಾಳೆ ಒಟ್ಟಿಗೆ ಹಿಡಿದರೆ ಎಷ್ಟೋ ಅಷ್ಟೇ ದಪ್ಪ. ಒಂದು ಪುಟ್ಟ ಕಂಪ್ರೆಸರಿನೊಳಗೆ ಗಾಳಿಯ ತೂತಿನ ಮೇಲೆ ಕುಳಿತು ಸೆಕೆಂಡಿಗೆ ನಲವತ್ತೆಂಟು ಸಲ ಎದ್ದು ಬೀಳುವುದು ಅದರ ಕೆಲಸ. ಆ ಕಂಪ್ರೆಸರ್ ಹೋಗುವುದು ಮನೆಯಲ್ಲಿಟ್ಟುಕೊಂಡು ರೋಗಿಗಳು ಉಸಿರಾಡುವ ಆಮ್ಲಜನಕದ ಯಂತ್ರಕ್ಕೆ. ಪತ್ತಿ ಮುರಿದರೆ ಯಂತ್ರ ನಿಲ್ಲುತ್ತದೆ.

ಚಾಕಣದ ಒಂದು ಕಂಪನಿ ಇಷ್ಟು ದಿನ ಈ ಪತ್ತಿಗಳನ್ನು ಹೊರದೇಶದಿಂದ ತರಿಸುತ್ತಿತ್ತು. ಅಲ್ಲಿಯವರು ಮಾಡುವುದನ್ನು ನಿಲ್ಲಿಸಿದರು. ಚಾಕಣದವರ ಬಳಿ ಉಳಿದಿದ್ದು ಐದು ವಾರದ ದಾಸ್ತಾನು. ನಮ್ಮನ್ನೂ ಇನ್ನೊಂದು ಘಟಕವನ್ನೂ ಕೇಳಿದ್ದರು. ನಮ್ಮ ಹಳೆಯ ಗಿರಾಕಿಯೊಬ್ಬರು ಆ ವರ್ಷ ಕೈಬಿಟ್ಟಿದ್ದರಿಂದ ಈ ಕೆಲಸ ಸಿಗದಿದ್ದರೆ ಎರಡನೇ ಪಾಳಿ ನಿಲ್ಲುವುದು ಖಚಿತವಾಗಿತ್ತು. ಯಾವ ವಿಧಾನದಲ್ಲಿ ಮಾಡುವುದು ಎಂದು ಗೊತ್ತುಮಾಡುವ ಹೊಣೆ ನನ್ನದು.

ಶೆಡ್ಡಿನ ಮಾಲೀಕರು ನಿಪ್ಪಾಣಿ ಕಡೆಯವರು, ಲೋಹ ಕತ್ತರಿಸುವ ಅಚ್ಚು, ಅಂದರೆ ಡೈ, ಮಾಡುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಮರಾಠಿ ಕೆಲಸಗಾರರಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಅವರು ಕಾಕಾ. ಸೊಟ್ಟ ಪತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ನಕ್ಕರು.

"ಹಾಳಿ ಕತ್ತರಿಸಾಕ ಬೆಂಕಿ ಹಚ್ಚೂದ್ಯಾಕ ತಂಗಿ? ಪ್ರೆಸ್ಸಿಗೆ ಡೈ ಕೂಡ್ಸು. ಶೇಂಗಾ ಉದುರಿದಾಂಗ ಉದುರ್ತಾವ."

"ಡೈ ಮಾಡಾಕ ಎಷ್ಟ್ ದಿನ ಬೇಕ್ರಿ ಕಾಕಾ?"

"ಎರಡ್ ತಿಂಗಳು ಬೇಕು. ಛಲೋ ಡೈ ಅಂದ್ರ ಛಲೋ ಡೈ."

"ಅವ್ರ ಹಂತೇಕ ಇರೂದು ಐದು ವಾರದ ಮಾಲ್ ರೀ."

ಅದೊಂದೇ ಅಡ್ಡಿಯಲ್ಲ. ಇಷ್ಟು ತೆಳುವಾದ ಉಕ್ಕನ್ನು ಪ್ರೆಸ್ಸಿನಲ್ಲಿ ಕತ್ತರಿಸಬೇಕಾದರೆ ಮೇಲಿಂದ ಒತ್ತುವ ಪಂಚಿಗೂ ಡೈಗೂ ನಡುವೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟೂ ಸಂದಿ ಇರಕೂಡದು. ಸ್ವಲ್ಪ ಹೆಚ್ಚಾದರೆ ಅಂಚು ಕತ್ತರಿಸುವ ಬದಲು ಮಡಚಿಕೊಂಡು ಚೂಪಾದ ಮುಳ್ಳು ಬಿಡುತ್ತದೆ. ಮೇಲಾಗಿ ಗಿರಾಕಿ ಕಂಪನಿಯವರು ಪತ್ತಿಯ ಕತ್ತಿನ, ಎಂದರೆ ಅದು ಬಗ್ಗುವ ಕಿರಿದಾದ ಭಾಗದ, ಆಕಾರವನ್ನು ಆಗಲೇ ಎರಡು ಸಲ ಬದಲಿಸಿದ್ದರು. ಮೂರನೇ ಸಲ ಬದಲಿಸಿದರೆ ಎರಡು ತಿಂಗಳ ಡೈ ಗುಜರಿಗೆ.

ಉಳಿದದ್ದು ಎರಡು ದಾರಿ. ಮೊದಲನೆಯದು ನಮ್ಮಲ್ಲೇ ಇದ್ದ ವೈರ್‌ಕಟ್ ಯಂತ್ರ. ತೆಳು ಶೀಟನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ನಲವತ್ತು ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಎರಡು ದಪ್ಪ ಫಲಕಗಳ ನಡುವೆ ಸ್ಕ್ರೂ ಹಾಕಿ ಬಿಗಿದೆ. ಕೂದಲೆಳೆಯಂಥ ಹಿತ್ತಾಳೆ ತಂತಿ ಕಿಡಿ ಹಾರಿಸುತ್ತ ಇಡೀ ಪೇರನ್ನು ಒಟ್ಟಿಗೆ ಕೊರೆಯುತ್ತದೆ. ಒಂದು ಪೇರಿಗೆ ಹೆಚ್ಚುಕಡಿಮೆ ಒಂದು ಪಾಳಿ ಹಿಡಿಯಿತು. ಮೇಲಿನದು, ಕೆಳಗಿನದು ಫಲಕಕ್ಕೆ ತಾಗಿ ಕೆಟ್ಟವು, ಮೂವತ್ತೆಂಟು ಸಿಕ್ಕವು. ಅಂಚು ಸ್ವಲ್ಪ ಒರಟು. ಅವುಗಳಲ್ಲಿ ಎಂಟನ್ನು ಪರೀಕ್ಷೆಗೆ ಹಾಕಿದೆ.

ಪರೀಕ್ಷೆಯ ಕೋಣೆ ಉಗ್ರಾಣದ ಹಿಂದೆ ಇತ್ತು. ಸದ್ದು ಹೊರಬಾರದೆಂದು ಗೋಡೆಗೆಲ್ಲ ಫೋಮ್ ಅಂಟಿಸಿದ್ದರು, ಕಿಟಕಿ ಇರಲಿಲ್ಲ. ಎಂಟು ಕಂಪ್ರೆಸರ್ ತಲೆಗಳು ಒಂದೇ ಮೋಟಾರಿಗೆ ಜೋಡಿಸಿಕೊಂಡು ಓಡುತ್ತಿದ್ದವು. ಒಂದು ಕೋಟಿ ಬಡಿತ ತಡೆದುಕೊಂಡ ಪತ್ತಿ ಪಾಸು. ಅಷ್ಟಕ್ಕೆ ಎರಡೂವರೆ ದಿನ ಬೇಕು. ಯಾವುದಾದರೂ ಗೇಜಿನ ಮುಳ್ಳು ಕೆಳಗೆ ಬಿದ್ದರೆ ಆ ಪತ್ತಿ ಮುರಿಯಿತೆಂದು ಲೆಕ್ಕ. ಹಗಲು ನಾನು, ಉಳಿದ ಹೊತ್ತು ಕಾವಲಿನವರು ಗೇಜು ನೋಡುತ್ತಿದ್ದೆವು. ಗುರುವಾರ ನಮ್ಮ ಕಡೆ ಕಾರ್ಖಾನೆಗಳಿಗೆ ರಜೆ, ಲೈನು ದುರಸ್ತಿಗೆಂದು ಕರೆಂಟ್ ತೆಗೆಯುತ್ತಾರೆ. ಹಾಗಾಗಿ ಶುಕ್ರವಾರದಿಂದ ಬುಧವಾರದೊಳಗೆ ಎರಡು ಪರೀಕ್ಷೆ ಮುಗಿಸಿಕೊಳ್ಳಬೇಕು. ಕೈತಪ್ಪಿದರೆ ವಾರವೇ ಹೋಯಿತು.

ವೈರ್‌ಕಟ್ಟಿನ ಎಂಟಕ್ಕೆ ಎಂಟೂ ಪಾಸಾದವು. ಆದರೆ ತಿಂಗಳಿಗೆ ಸಾವಿರಗಟ್ಟಲೆ ಬೇಕಿತ್ತು. ಶೆಡ್ಡಿನ ಬೇರೆ ಡೈಗಳ ಕೆಲಸವೆಲ್ಲ ಅದೇ ಒಂದು ಯಂತ್ರದ ಮೇಲೆ ನಿಂತಿತ್ತು. ಅದನ್ನು ಬದಿಗಿಟ್ಟೆ.

ಎರಡನೆಯ ದಾರಿ ರಾಸಾಯನಿಕದಿಂದ ಕೊರೆಯುವುದು, ಎಚ್ಚಿಂಗ್. ಶೀಟಿನ ಎರಡೂ ಬದಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿ, ಪತ್ತಿಗಳ ಚಿತ್ರವಿರುವ ಫಿಲ್ಮಿನ ಮೂಲಕ ಬೆಳಕು ಹಾಯಿಸುತ್ತಾರೆ. ಬೇಡವಾದ ಲೇಪ ತೊಳೆದುಹೋಗುತ್ತದೆ. ಬಯಲಾದ ಉಕ್ಕನ್ನು ಫೆರಿಕ್ ಕ್ಲೋರೈಡಿನ ತುಂತುರು ಎರಡೂ ಕಡೆಯಿಂದ ತಿನ್ನುತ್ತದೆ. ಬೆಂಕಿಯಿಲ್ಲ, ಒತ್ತಡವಿಲ್ಲ, ಮುಳ್ಳಿಲ್ಲ. ಆಕಾರ ಬದಲಾದರೆ ಫಿಲ್ಮ್ ಬದಲಿಸಿದರಾಯಿತು. ಚಾಕಣದ ಸಭೆಯಲ್ಲಿ ನಾನು ಇದನ್ನೇ ಹೇಳಿದೆ. ಅಲ್ಲಿಯ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಎಲ್ಲವನ್ನೂ ಬರೆದುಕೊಂಡು ಮರಾಠಿಯಲ್ಲಿ ಕೇಳಿದರು: "ನೋಡು, ಇದು ನಿನ್ನ ಶಿಫಾರಸು. ವರದಿಗೆ ನಿನ್ನ ಸಹಿಯೇ ಇರಬೇಕು. ಆಯಿತಲ್ಲ?" ಆಯಿತು ಎಂದೆ.

ಕುರಕುಂಭದಲ್ಲಿ ಎಚ್ಚಿಂಗ್ ಘಟಕ ನಡೆಸುವವರು ಉಡುಪಿ ಕಡೆಯವರು. ಅವರ ಅಣ್ಣಂದಿರದ್ದೆಲ್ಲ ಪುಣೆಯಲ್ಲಿ ಹೋಟೆಲು. ಫೋನಿನಲ್ಲಿ ಕಾಕಾ ಅವರನ್ನು ಕೆಣಕಿದರು: "ಅಣ್ಣ ದ್ವಾಸಿ ಸುಡ್ತಾನ, ನೀವು ಉಕ್ಕು ಸುಡ್ತೀರಿ, ಅಲ್ರಿ?"

"ಸುಡುವುದಲ್ಲ ಮಾರಾಯ್ರೆ, ಕರಗಿಸುವುದು. ದೋಸೆಯಾದ್ರೆ ಮಗುಚಿ ಹಾಕ್ಬೇಕು. ನಮ್ಮದು ಎರಡೂ ಬದಿ ಒಟ್ಟಿಗೇ ಆಗ್ತದೆ."

ಸಣ್ಣ ಗಿರಾಕಿಗಳಿಗೆ ಅವರ ಟ್ಯಾಂಕಿನಲ್ಲಿ ಹದಿನೈದು ದಿನಕ್ಕೊಮ್ಮೆ ಸರದಿ. ಹಾಗಾಗಿ ಮಾದರಿಗೆಂದು ಒಂದೇ ಶೀಟು ಕಳಿಸುವಂತಿರಲಿಲ್ಲ. ಎರಡು ಶೀಟು ಬಿಟ್ಟು ಇದ್ದದ್ದನ್ನೆಲ್ಲ ಕಳಿಸಿದೆವು. ಎರಡು ಸಾವಿರ ಪತ್ತಿಗಳು ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ಬಂದವು. ಕಲ್ಲಿನ ಮೇಲಿಟ್ಟರೆ ಕಾಗದದಂತೆ ಚಪ್ಪಟೆ. ಎರಡು ಕಡೆಯಿಂದ ತಿಂದು ಬಂದ ದ್ರಾವಣ ನಡುವೆ ಸೇರುವಲ್ಲಿ, ಅಂಚಿನ ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಏಣು ಉಳಿದಿರುತ್ತದೆ. ಅದು ಸವೆಯಲೆಂದು ಎಲ್ಲವನ್ನೂ ಪಿಂಗಾಣಿ ಹರಳುಗಳ ಜೊತೆ ನಡುಗುವ ಬೋಗುಣಿಗೆ ಹಾಕಿ ತಿರುಗಿಸಿದೆವು. ಎಂಟನ್ನು ಪರೀಕ್ಷೆಗೆ ಏರಿಸಿದೆ.

ಮೊದಲನೆಯದು ಹನ್ನೊಂದು ಲಕ್ಷಕ್ಕೆ ಮುರಿಯಿತು. ಆಮೇಲೆ ಮೂರು. ಉಳಿದ ನಾಲ್ಕು ಏನೂ ಆಗದವರ ಹಾಗೆ ಕೋಟಿ ದಾಟಿದವು. ಎಲ್ಲವೂ ಬೇಗ ಮುರಿದಿದ್ದರೆ ವಿಧಾನವೇ ತಪ್ಪು ಎನ್ನಬಹುದಿತ್ತು. ಅರ್ಧ ಮುರಿದು ಅರ್ಧ ಉಳಿದರೆ ಏನೆಂದು ಹೇಳುವುದು?

ಅಂಚಿನ ಏಣೇ ಕಾರಣವೆಂದು ನಾನು ಹಿಡಿದುಕೊಂಡೆ. ಇನ್ನಷ್ಟು ಸವೆಯಬೇಕಿತ್ತು ಎಂದು ಎರಡು ಸಾವಿರವನ್ನೂ ಮತ್ತೆ ಬೋಗುಣಿಗೆ ಹಾಕಿಸಿದೆ, ಮೊದಲಿನ ಎರಡರಷ್ಟು ಹೊತ್ತು. ಅಂಚುಗಳು ಬಳೆಯಷ್ಟು ನುಣ್ಣಗಾದವು. ಸೋಮವಾರ ಬೆಳಿಗ್ಗೆ ಹೊಸ ಎಂಟನ್ನು ಏರಿಸಿದೆ. ಆ ಮೂರು ದಿನ ಫೋಮಿನ ಕೋಣೆಯೇ ನನ್ನ ಆಫೀಸಾಯಿತು. ಒಳಗೆ ಕೂತರೆ ಎಂಟೂ ತಲೆಗಳ ಗುಂಯ್‌ಗುಟ್ಟುವಿಕೆ ಹಲ್ಲಿನಲ್ಲಿ ಕೇಳಿಸುತ್ತಿತ್ತು. ಹೊರಗೆ ಬಂದರೆ ಮೂವರು ಕಾಯುತ್ತಿದ್ದರು: ಫೋನಿನಲ್ಲಿ ಚಾಕಣದ ಗುಣಮಟ್ಟ ವಿಭಾಗದ ಮೇಡಂ, ಫೋನಿನಲ್ಲಿ ಕುರಕುಂಭದವರು, ಬಾಗಿಲಲ್ಲಿ ಕಾಕಾ. ಮೇಡಂಗೆ ಮುಂದಿನ ಸೋಮವಾರ ಮಾಲು ಬೇಕು. ಕುರಕುಂಭದವರು ತಮ್ಮ ಎಚ್ಚಿಂಗಿನಲ್ಲಿ ಕೂದಲಷ್ಟೂ ತಪ್ಪಿಲ್ಲ ಎನ್ನುತ್ತಿದ್ದರು. ಕಾಕಾ ಮಾತ್ರ ಏನೂ ಕೇಳುತ್ತಿರಲಿಲ್ಲ. ಗೇಜುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ನನಗೆ ಅದೇ ಹೆಚ್ಚು ಕಷ್ಟವಾಗುತ್ತಿತ್ತು.

ಬುಧವಾರ ಸಂಜೆಗೆ ಎಂಟರಲ್ಲಿ ಐದು ಮುರಿದಿದ್ದವು.

"ಈ ತೇಜಾಬದ ಎಚ್ಚಿಂಗ್ ಮ್ಯಾಲೆ ನನಗ ಮೊದಲಿಂದ ನಂಬಿಕಿ ಇರ್ಲಿಲ್ಲ," ಎಂದರು ಕಾಕಾ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ದಣಿವಿತ್ತು.

ವಿಧಾನ ಬದಲಿಸಲು ದಿನವಿಲ್ಲ. ಅದೇ ವಿಧಾನದಲ್ಲಿ ಮುಂದುವರಿಯಲು ಕಾರಣ ಗೊತ್ತಿಲ್ಲ. ಬಿಟ್ಟುಬಿಡೋಣವೆಂದರೆ ಶಿಫಾರಸು ನನ್ನದು, ಅದರ ಮೇಲೆ ನಿಂತದ್ದು ಎರಡನೇ ಪಾಳಿಯವರ ಕೆಲಸ. ಯಾವ ಕಡೆ ತಿರುಗಿದರೂ ಫೋಮ್ ಹಚ್ಚಿದ ಗೋಡೆಯೇ.

ಗುರುವಾರ ಬೆಳಿಗ್ಗೆ ಖಡಕಿಯ ನಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಮುರಿದ ಒಂಬತ್ತು ಪತ್ತಿಗಳನ್ನು ಸಾಲಾಗಿಟ್ಟೆ. ಎಲ್ಲದರ ಬಿರುಕೂ ಕತ್ತಿನಲ್ಲಿ, ಅಡ್ಡಲಾಗಿ, ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಬಿರುಕು ಎಲ್ಲೂ ಅಂಚಿನಿಂದ ಹಲ್ಲುಹಲ್ಲಾಗಿ ಒಳಗೆ ಬಂದಿರಲಿಲ್ಲ. ಹಾಗಾದರೆ ಅಂಚಿನ ಏಣು ಕಾರಣವಲ್ಲ. ವೈರ್‌ಕಟ್ಟಿನ ಅಂಚು ಇದಕ್ಕಿಂತ ಒರಟಾಗಿದ್ದರೂ ಒಂದೂ ಮುರಿದಿರಲಿಲ್ಲ. ಉಕ್ಕು ಅದೇ, ದಪ್ಪ ಅದೇ, ಆಕಾರ ಅದೇ. ಬೇರೆ ಏನು? ವೈರ್‌ಕಟ್ಟಿಗೆ ಪಟ್ಟಿ ಕತ್ತರಿಸುವಾಗ ಶೀಟಿನ ಉದ್ದಕ್ಕೇ ಕತ್ತರಿಸಿದ್ದೆವು, ಫಲಕದ ಅಳತೆಗೆ ಅದೇ ಸರಿಹೊಂದುತ್ತಿತ್ತು. ಶೀಟಿನ ಉದ್ದಕ್ಕೆ, ಎಂದರೆ ಕಾರ್ಖಾನೆಯಲ್ಲಿ ಅದು ಉರುಳೆಗಳ ನಡುವೆ ಹಾದುಬಂದ ದಿಕ್ಕಿಗೆ.

ಉಕ್ಕನ್ನು ತಣ್ಣಗಿರುವಾಗಲೇ ಉರುಳೆಯಲ್ಲಿ ಒತ್ತಿ ಇಷ್ಟು ತೆಳು ಮಾಡಿದರೆ ಒಳಗಿನ ಕಣಗಳೆಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡು ನಾರಿನಂತಾಗುತ್ತವೆ. ನಾರಿನುದ್ದಕ್ಕೆ ಕತ್ತರಿಸಿದ ಪತ್ತಿ ಬಗ್ಗಿ ಬಗ್ಗಿ ಬಾಳುತ್ತದೆ. ನಾರಿಗೆ ಅಡ್ಡಲಾಗಿ ಕತ್ತರಿಸಿದರೆ ಎರಡು ನಾರಿನ ನಡುವೆ ಸೀಳುತ್ತದೆ, ನೇರವಾಗಿ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಇಲ್ಲಿ ದಿಕ್ಕು ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಹೊಸ ಶೀಟಿನ ಮೈಮೇಲೆ ಉರುಳೆಯ ಸಣ್ಣ ಗೆರೆಗಳು ಕಾಣುತ್ತವೆ. ಪತ್ತಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಗೆರೆ ಇರಲಿಲ್ಲ. ಎರಡು ಸಲ ಬೋಗುಣಿಗೆ ಹಾಕಿ ನಾನೇ ಅಳಿಸಿಬಿಟ್ಟಿದ್ದೆ.

ಕಾಕಾಗೆ ಫೋನ್ ಮಾಡಿದೆ. ಕುರಕುಂಭದವರಿಂದ ಫಿಲ್ಮಿನ ಫೋಟೋ ತರಿಸೋಣ ಎಂದೆ.

"ಫೋಟೋ ಬ್ಯಾಡ. ಹೋಗೂಣ ನಡಿ. ತಪ್ಪು ಅವಂದ ಆಗಿದ್ರ ಮಾರಿ ನೋಡಿ ಕೇಳಬೇಕು."

ಅಲ್ಲಿ ಗುರುವಾರ ಕೆಲಸದ ದಿನ. ಹಳದಿ ದೀಪದ ಕೋಣೆಯಲ್ಲಿ ಕುರಕುಂಭದವರು ನಮ್ಮ ಫಿಲ್ಮನ್ನು ಬೆಳಕಿನ ಮೇಜಿನ ಮೇಲೆ ಹಾಸಿದರು. ಸಾಲು ಸಾಲು ಪತ್ತಿಗಳು ಶೀಟಿನ ಉದ್ದಕ್ಕೆ ನೆಟ್ಟಗೆ ನಿಂತಿದ್ದವು. ಎರಡು ಸಾಲಿನ ನಡುವೆ, ಶೀಟಿನ ಎರಡು ಪಕ್ಕದಲ್ಲಿ, ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಉಳಿದ ಪತ್ತಿಗಳು ಅಡ್ಡ ಮಲಗಿದ್ದವು. ನೋಡಲು ಚೆಂದವಿತ್ತು, ಒಳ್ಳೆಯ ರಂಗೋಲಿಯ ಹಾಗೆ. ಎಣಿಸಿದೆ: ಅರ್ಧಕ್ಕೆ ಸ್ವಲ್ಪ ಕಡಿಮೆ ಅಡ್ಡ.

ಕಾಕಾ ಬೆರಳಿಟ್ಟರು. "ಇವನ್ಯಾಕ ಅಡ್ಡ ಮಲಗ್ಸೀರಿ?"

"ಎಂತ ಮಾರಾಯ್ರೆ, ನೀವೇ ಅಲ್ವಾ ಫೋನಲ್ಲಿ ಹೇಳಿದ್ದು? ಶೀಟು ಸಿಗುವುದೇ ಕಷ್ಟ ಉಂಟು, ಬೆರಳಷ್ಟು ಜಾಗ ಖಾಲಿ ಬಿಡಬೇಡಿ ಅಂತ? ನಾನು ಎರಡು ದಿನ ಕೂತು ಜೋಡಿಸಿದ್ದು ಅದನ್ನು!"

ಕಾಕಾ ಫಿಲ್ಮಿನ ಮೇಲಿಂದ ಬೆರಳು ತೆಗೆದರು. ಅವರು ಹಾಗೆ ಹೇಳಿದ್ದು ನಿಜವಿರಬೇಕು. ಡೈ ಮಾಡುವವರು ಪಟ್ಟಿಯಲ್ಲಿ ಚೂರೂ ವ್ಯರ್ಥವಾಗದ ಹಾಗೆ ಜೋಡಿಸುವುದನ್ನೇ ಜಾಣತನ ಎಂದು ಕಲಿತವರು.

"ಮತ್ತೆ ಡ್ರಾಯಿಂಗಲ್ಲಿ ದಿಕ್ಕಿನ ಬಾಣ ಉಂಟಾ? ತೋರಿಸಿ, ಮೇಡಂ. ಇದ್ರೆ ನಾನು ನಾಳೆಯಿಂದ ಅಣ್ಣನ ಹೋಟೆಲಲ್ಲಿ ಪ್ಲೇಟ್ ತೊಳೀತೇನೆ."

ಬಾಣ ಇರಲಿಲ್ಲ. ಯಾಕಿಲ್ಲ ಎನ್ನುವುದು ಆ ಮೇಜಿನ ಮುಂದೆ ನಿಂತಾಗ ಅರ್ಥವಾಯಿತು. ಹೊರದೇಶದಲ್ಲಿ ಇವನ್ನು ಪ್ರೆಸ್ಸಿನಲ್ಲಿ, ಉದ್ದನೆಯ ಕಿರಿದಾದ ಪಟ್ಟಿಯಿಂದ ಕತ್ತರಿಸುತ್ತಿದ್ದರು. ಅಷ್ಟು ಕಿರಿದಾದ ಪಟ್ಟಿಯಲ್ಲಿ ಪತ್ತಿ ಉದ್ದಕ್ಕೇ ಮಲಗಬೇಕು, ಬೇರೆ ದಾರಿಯೇ ಇಲ್ಲ. ಯಾರೂ ಬಾಣ ಬರೆಯುವ ಅಗತ್ಯವಿರಲಿಲ್ಲ. ಅಗಲವಾದ ಶೀಟಿಗೆ ಬಂದೆವು, ಪತ್ತಿಗೆ ಎತ್ತ ಬೇಕಾದರೂ ತಿರುಗುವ ಸ್ವಾತಂತ್ರ್ಯ ಸಿಕ್ಕಿತು. ಹಳೆಯ ವಿಧಾನ ಸುಮ್ಮನೆ ಪಾಲಿಸಿಕೊಂಡು ಬಂದಿದ್ದ ನಿಯಮ ನಮ್ಮ ಜೊತೆ ಬರಲಿಲ್ಲ.

ವಾಪಸು ಬರುವಾಗ ಲೋಣಿ ದಾಟಿದ ಮೇಲೆ ಸೋಲಾಪುರ ರಸ್ತೆಯಲ್ಲಿ ಟ್ರಕ್ಕುಗಳು ನಿಂತುಬಿಟ್ಟಿದ್ದವು. ನಮ್ಮ ಕಾರು ಎರಡು ಟ್ಯಾಂಕರುಗಳ ನಡುವೆ ಸಿಕ್ಕಿಕೊಂಡಿತು. ಎಡಗಡೆಯ ಬಾಗಿಲು ತೆರೆಯಲೂ ಜಾಗವಿರಲಿಲ್ಲ. ಕಾಕಾ ಎಂಜಿನ್ ಆರಿಸಿದರು.

"ಆರ್ಸಿ ತಗ್ಯಾಕ ಬರ್ತದನು? ನೆಟ್ಟಗಿನವು ಬ್ಯಾರೆ, ಅಡ್ಡದವು ಬ್ಯಾರೆ?"

"ಇಲ್ಲರಿ ಕಾಕಾ. ಗೆರಿ ಅಳಿಸಿ ಹೋಗ್ಯಾವ. ಪರೀಕ್ಷಾಕ್ಕ ಹಾಕಿ ಮುರದ ನೋಡಬೇಕು. ಮುರಿಯಲಾರದ್ದೂ ಒಂದು ಕೋಟಿ ಬಡದಿರ್ತಾವ, ಅವನ್ನ ಹೊಸಾವು ಅಂತ ಕೊಡಾಕ ಬರೂದಿಲ್ಲ."

ಅವರು ಮೆಲ್ಲಗೆ ಹೇಳಿದರು: "ಹಿಂಗ ಮಾಡೂಣು. ಉಳಿದ ಶೀಟಿನ್ಯಾಗ ಎಂಟು ನೆಟ್ಟಗ ಕತ್ತರಿಸಿ ಮಾದರಿ ಅಂತ ಪಾಸ್ ಮಾಡ್ಸು. ಸೋಮವಾರ ಈ ಎರಡ್ ಸಾವಿರ ಹೋಗ್ಲಿ. ಅವ್ರ ಲೈನ್ ನಿಲ್ಲೂದಿಲ್ಲ. ಮುಂದಿನ ಮಾಲ್ ಎಲ್ಲಾ ಖರೇ ಮಾಲ್ ಕೊಡೂಣು. ನಡುವ ಮುರದ್ರ ಬದ್ಲಿ ಕೊಟ್ರಾತು."

ಅವರು ಕೆಟ್ಟವರಲ್ಲ. ಎರಡನೇ ಪಾಳಿಯ ಹತ್ತು ಮನೆಗಳ ಲೆಕ್ಕ ಅವರ ತಲೆಯಲ್ಲಿತ್ತು. ನನ್ನ ತಲೆಯಲ್ಲೂ ಇತ್ತು. ಹನ್ನೊಂದು ಲಕ್ಷ ಬಡಿತ ಎಂದರೆ ಆರೂವರೆ ಗಂಟೆ ಎಂದು ನಾನು ಅಷ್ಟರಲ್ಲಿ ಮನಸ್ಸಿನಲ್ಲೇ ಭಾಗಿಸಿದ್ದೆ. ಯಾರೋ ಮೂಗಿಗೆ ನಳಿಗೆ ಹಾಕಿಕೊಂಡು ಮಲಗುತ್ತಾರೆ. ಬೆಳಗಾಗುವುದರೊಳಗೆ ಆರೂವರೆ ಗಂಟೆ ಆಗಿಬಿಡುತ್ತದೆ.

"ಕಾಕಾ, ಮುರದ ಮ್ಯಾಲೆ ಬದ್ಲಿ ಕೊಡೂದು ಯಾರಿಗ್ರಿ?"

ಅವರು ಸ್ಟೇರಿಂಗ್ ಮೇಲೆ ಬೆರಳು ತಟ್ಟುತ್ತಿದ್ದರು. ಕಾರಿನಿಂದಿಳಿದು ದೂರ ಹೋಗಿ ಯೋಚಿಸೋಣವೆಂದರೆ ಬಾಗಿಲು ತೆರೆಯುವಂತಿರಲಿಲ್ಲ. ನಾನು ಫೋನ್ ತೆಗೆದು, ಅವರು ನೋಡುತ್ತಿರುವಂತೆಯೇ, ಚಾಕಣದ ಮೇಡಂಗೆ ಕರೆ ಮಾಡಿ ಸ್ಪೀಕರ್ ಒತ್ತಿದೆ. ಕಾಕಾ ತಡೆಯಬಹುದಿತ್ತು. ಅವರ ಕೈ ಸ್ಟೇರಿಂಗ್ ಮೇಲೆಯೇ ಇತ್ತು.

ಎಲ್ಲ ಹೇಳಿದೆ. ಅಡ್ಡ ಮತ್ತು ನೆಟ್ಟಗಿನವು ಬೆರೆತಿವೆ, ಬೇರ್ಪಡಿಸಲು ಆಗುವುದಿಲ್ಲ, ಎರಡು ಸಾವಿರದಲ್ಲಿ ಒಂದನ್ನೂ ಕಳಿಸುವುದಿಲ್ಲ, ವರದಿಗೆ ಸಹಿ ಹಾಕುವುದಿಲ್ಲ.

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು. ನಂತರ: "ಅಲ್ಲಮ್ಮ, ಇದನ್ನು ಸೋಮವಾರ ಹೇಳಿದ್ದರೆ?"

"ಸೋಮವಾರ ಗೊತ್ತಿರಲಿಲ್ಲ, ಮೇಡಂ."

"ಸೋಮವಾರಕ್ಕೆ ಏನು ಕೊಡ್ತೀಯ?"

ಉಳಿದ ಎರಡು ಶೀಟುಗಳನ್ನು ಉದ್ದಕ್ಕೆ ಕತ್ತರಿಸಿ ವೈರ್‌ಕಟ್ಟಿನಲ್ಲಿ ಎಷ್ಟು ಪೇರು ಆಗುತ್ತದೋ ಅಷ್ಟು ಎಂದೆ. ಸೋಮವಾರದೊಳಗೆ ನೂರೈವತ್ತು. ಅದಕ್ಕೆ ಯಂತ್ರ ಬಿಡಬೇಕಾದವರು ಕಾಕಾ; ನಾನು ಅವರ ಕಡೆ ನೋಡಿದೆ. ಅವರು ಫೋನಿನ ಕಡೆ ಬಾಗಿ ಮರಾಠಿಯಲ್ಲಿ, "ಮೇಡಂ, ಯಂತ್ರದ ಬೇರೆ ಕೆಲಸ ನಿಲ್ಲಿಸ್ತೀನಿ. ನೂರೈವತ್ತು ಸಿಗುತ್ತೆ," ಎಂದರು.

"ನನ್ನ ಲೈನು ಅರ್ಧ ನಡೀತದೆ ಅಷ್ಟೇ," ಎಂದರು ಮೇಡಂ. "ಉಳಿದದ್ದನ್ನು ಇನ್ನೊಂದು ಘಟಕಕ್ಕೆ ಕೇಳಬೇಕಾಗುತ್ತೆ. ಅವರ ಪತ್ತಿಗಳ ದಿಕ್ಕನ್ನೂ ಈಗ ನೋಡಬೇಕು. ಆ ಎರಡು ಸಾವಿರವನ್ನು ಯಾರೂ ಬಳಸಲಾಗದ ಹಾಗೆ ನಾಶಮಾಡಿ ಫೋಟೋ ಕಳಿಸು."

ಮುಂದಿನ ದಿನಗಳು ವೈರ್‌ಕಟ್ಟಿನ ಮುಂದೆ ಕಳೆದವು. ತಂತಿ ಮೂರು ಸಲ ತುಂಡಾಯಿತು. ಸೋಮವಾರ ಬೆಳಿಗ್ಗೆ ನೂರೈವತ್ತೆರಡು ಪತ್ತಿಗಳು ಚಾಕಣಕ್ಕೆ ಹೋದವು. ಆಗಷ್ಟೇ ಮುಗಿದ, ಅವೇ ಶೀಟುಗಳ ಐದನೇ ಪೇರಿನಿಂದ ಎಂಟನ್ನು ಪರೀಕ್ಷೆಗೆ ಏರಿಸಿದೆ; ಬುಧವಾರ ಸಂಜೆ ಎಂಟೂ ಕೋಟಿ ದಾಟಿದವು. ಹೊಸ ಡ್ರಾಯಿಂಗಿನಲ್ಲಿ ಬಾಣ ಬಂತು. ಕುರಕುಂಭದವರು ಎಲ್ಲ ಪತ್ತಿಗಳನ್ನೂ ನೆಟ್ಟಗೆ ನಿಲ್ಲಿಸಿ ಬೇರೆ ಫಿಲ್ಮ್ ಮಾಡಿದರು. ಶೀಟಿಗೆ ಮೊದಲಿಗಿಂತ ಕಡಿಮೆ ಬರುತ್ತಿದ್ದವು, ಜಾಗ ಬಹಳ ಖಾಲಿ ಉಳಿಯುತ್ತಿತ್ತು. ಆರ್ಡರಿನ ಅರ್ಧ ನಮಗೆ ಸಿಕ್ಕಿತು, ಅರ್ಧ ಇನ್ನೊಂದು ಘಟಕಕ್ಕೆ. ಎರಡನೇ ಪಾಳಿ ಐದು ಜನರೊಂದಿಗೆ ಉಳಿಯಿತು. ಐವರು ಬೇರೆ ಕಡೆ ಕೆಲಸ ಹುಡುಕಿಕೊಂಡರು.

ಆ ಎರಡು ಸಾವಿರ ಪತ್ತಿಗಳನ್ನು, ಮೇಡಂಗೆ ಫೋನ್ ಮಾಡಿದ ಮರುದಿನವೇ, ಶುಕ್ರವಾರ ಮಧ್ಯಾಹ್ನ ಕಾಲಿನಿಂದ ತುಳಿಯುವ ಶೀಟು ಕತ್ತರಿಯ ಹತ್ತಿರ ತಂದಿಟ್ಟೆ. ಹಿಡಿ ಹಿಡಿಯಾಗಿ ಅಲಗಿನ ಕೆಳಗೆ ಒಡ್ಡಿ ತುಳಿಯಬೇಕು. ಮೊದಲ ಹಿಡಿ ಕೈಗೆ ತೆಗೆದುಕೊಂಡವಳು ಅಲ್ಲೇ ನಿಂತೆ. ಎಲ್ಲವೂ ಒಂದೇ ಹಾಗೆ ಹೊಳೆಯುತ್ತಿದ್ದವು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ದೋಷವೂ ಇಲ್ಲದವು, ವರ್ಷಗಟ್ಟಲೆ ಬಾಳುವಂಥವು.

ಕಾಕಾ ಯಾವಾಗ ಬಂದರೋ ತಿಳಿಯಲಿಲ್ಲ. ನನ್ನ ಕೈಯಿಂದ ಹಿಡಿಯನ್ನು ಇಸಿದುಕೊಂಡು ಅಲಗಿನ ಕೆಳಗೆ ಜೋಡಿಸಿದರು, ತುದಿಗಳನ್ನು ಬೆರಳಿನಿಂದ ಸಮ ಮಾಡಿದರು, ಮಾಲು ಕಳಿಸುವಾಗ ಮಾಡುವಷ್ಟೇ ನಾಜೂಕಾಗಿ.

"ಛಲೋವು ಯಾವು ಅಂತ ನೋಡ್ಕೋತ ನಿಂದ್ರಬ್ಯಾಡ," ಎಂದರು. "ತುಳಿ."

ತುಳಿದೆ.